ಯಾವ ಕಿಟಕಿಯಿಂದ ಗೋಪುರ ಕಾಣುತ್ತದೆ

ಗಡಿಯಾರವೊಂದು ಕಿಟಕಿಯಾಚೆ ಜಾರಿಹೋಯಿತು, ಯಾವ ನಿಲ್ದಾಣದ್ದೋ, ಮುಳ್ಳು ಎಲ್ಲಿತ್ತೆಂದು ವೇದವತಿ ನೋಡುವಷ್ಟರಲ್ಲಿ ಹಿಮವೇ ಹಿಮ — ಗಡಿಯಾರ ಕಂಡರೆ ಸಾಕು ಈಗ ನಿನ್ನೆ ಬಂದ ಫೋಟೊ ಎದುರು ನಿಲ್ಲುತ್ತದೆ, ಗಡಿಯಾರ ಎಂದರೆ ಗೋಪುರ, ಗೋಪುರ ಎಂದರೆ ಆ ಬೆರಳು. ಸೋಡರ್‌ಟೆಲ್ಯೆಯ ಔಷಧ ಕಾರ್ಖಾನೆಯ ಕೆಲಸದಿಂದ ಬೇಗ ಹೊರಟದ್ದೇ ಬಂತು, ರೈಲು ತೆವಳುತ್ತಿದೆ, ಮನೆಯಿರುವ ಸೋಲ್ನಾ ತಲುಪಿ, ಮೆಟ್ಟಿಲು ಹತ್ತಿ, ಕೋಟು ಬಿಚ್ಚಿ, ತಲೆ ಬಾಚಿ, ಮಗುವಿನ ಮುಂದೆ ಕೂರಬೇಕು, ಸ್ಕೈಪಿನಲ್ಲಿ, ಮೊದಲ ಸಲ. ಕಮ್ಯೂನಿನವರು, ಎಂದರೆ ಇಲ್ಲಿನ ನಗರಸಭೆಯವರು, ಮನೆಗೆ ಬಂದು, ಬಂದು, ಜಗಳವಾದರೆ ನಿಮ್ಮಲ್ಲಿ ಯಾರು ಮೊದಲು ಮಾತಾಡಿಸುತ್ತೀರಿ ಎಂಬುದನ್ನೂ ಕೇಳಿ, ಕೊನೆಗೆ ದತ್ತು ತೆಗೆದುಕೊಳ್ಳಲು ಇವರು ಯೋಗ್ಯರು ಎಂದು ಒಪ್ಪಿದರು, ಕೊಲಂಬಿಯಾದ ಬೆಟ್ಟಗಳ ನಡುವಿನ ಪೊಪಯಾನ್ ಎಂಬ ಊರಿನ ಆಶ್ರಮದಿಂದ ಏಳು ವರ್ಷದ ಯೋಲಿಮಾಳ ಫೋಟೊ ಬಂತು, ಗಂಡ ಲಿಂಗರಾಜ ಅದನ್ನು ಫ್ರಿಜ್ಜಿಗೆ ಅಂಟಿಸಿ ಅದರ ಮುಂದೆಯೇ ನಿಂತು ಕಾಫಿ ಕುಡಿಯಲು ಶುರುಮಾಡಿದ, ಮತ್ತು ಈಗ ಎಲ್ಲವೂ ಅವಳ ಒಂದು ಮಾತಿನ ಮೇಲೆ ನಿಂತಿದೆ. ದೊಡ್ಡ ಮಗು, ಅವಳೇ ಒಪ್ಪಬೇಕು, ಬೇಡ ಎಂದರೆ ಬೇಡ, ಎಂದಿದ್ದಳು ಕಮ್ಯೂನಿನ ಆಕೆ, ಫಿಕಾಗೆಂದು, ಇಲ್ಲಿನವರ ಕಾಫಿ-ತಿಂಡಿಗೆಂದು, ಇಟ್ಟಿದ್ದ ಕೋಡುಬಳೆಯನ್ನು ಏನೋ ಪರೀಕ್ಷೆ ಮಾಡುವವಳ ಹಾಗೆ ಮುರಿಯುತ್ತಾ.

ಊರು ಗೊತ್ತಿಲ್ಲ, ಕೇರಿ ಗೊತ್ತಿಲ್ಲ, ಯಾರ ಮಗುವೋ ಏನೋ, ಎಂದಿದ್ದರು ಅತ್ತೆ ದಾವಣಗೆರೆಯಿಂದ ಫೋನಿನಲ್ಲಿ, ಮೈ ಉರಿದುಹೋಗಿತ್ತು, ಊರೂ ತಿಳಿಯುತ್ತೇನೆ ಕೇರಿಯೂ ತಿಳಿಯುತ್ತೇನೆ ಎಂದು ಓದಲು ಕೂತವಳು ತಾನೇ. ಪೊಪಯಾನ್, ಬಿಳಿಯ ಊರು, ಸ್ಪೇನಿನವರು ಬಂದು ಕಟ್ಟಿದ್ದು, ಬೀದಿಗೆ ಬೀದಿಯೇ ಸುಣ್ಣ, ಕಾಲು ಕೊರೆಯುವ ಚಿಗಟದ ಕಾಟಕ್ಕೆ ಬಳಿದರಂತೆ, ಜನ ಹೋಗುತ್ತ ಬರುತ್ತ ಗೋಡೆಯ ಮೂಲೆಗೆ ಪಾದ ಉಜ್ಜಿಕೊಳ್ಳುತ್ತಿದ್ದರಂತೆ — ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರದ ಮನೆಯಲ್ಲಿ ಅಜ್ಜಿ ಹಬ್ಬಕ್ಕೆ ಮುಂಚೆ ಸುಣ್ಣ ಕಲಸುವುದು, ನೀಲಿ ಸ್ವಲ್ಪ ಹಾಕೇ, ಇಲ್ದಿದ್ರೆ ಹಳದಿ ಹೊಡೆಯತ್ತೆ, ಆ ಬಿಸಿ ಸುಣ್ಣದ ವಾಸನೆ ಈ ರೈಲಿನಲ್ಲೂ ಬರುತ್ತದೆ, ಇಲ್ಲ, ಎದುರು ಕೂತವನ ಒದ್ದೆ ಉಣ್ಣೆ ಟೋಪಿಯದು. ಆಮೇಲೆ ಹುಮಿಲ್ಯಾದೇರೊ ಸೇತುವೆ, ಇಟ್ಟಿಗೆಯ ಉದ್ದನೆ ಕಮಾನುಸಾಲು, ಅದನ್ನು ಕಟ್ಟುವ ಮುಂಚೆ ಕೆಳಗಿನ ಕೇರಿಯವರು ಊರೊಳಕ್ಕೆ ಬರಲು ಏರನ್ನು ಬಗ್ಗಿ ಬಗ್ಗಿ ಹತ್ತಬೇಕಿತ್ತಂತೆ. ಸ್ಪೇನಿನವರಿಗಿಂತ ಮುಂಚಿನ ಜನ ಪೇರಿಸಿದ ದಿಬ್ಬ, ಅದರ ನೆತ್ತಿಯ ಮೇಲೆ ಕುದುರೆ ಏರಿದ ಸ್ಪೇನಿನ ದಂಡನಾಯಕನ ಪ್ರತಿಮೆ, ಗೆದ್ದವನಿಗೆ ಕೂರಲು ಬೇರೆ ಜಾಗವೇ ಸಿಗಲಿಲ್ಲವೇ. ದೊಡ್ಡ ಚರ್ಚಿನ ಗುಮ್ಮಟ, ಎಂಬತ್ತಮೂರರ ಭೂಕಂಪದಲ್ಲಿ, ಪವಿತ್ರ ವಾರದಲ್ಲೇ, ಪ್ರಾರ್ಥನೆಗೆ ಕೂತವರ ಮೇಲೆಯೇ ಕುಸಿದುಬಿತ್ತು, ಅದನ್ನು ಓದಿದ ದಿನ ಊಟ ಸೇರಲಿಲ್ಲ, ಯೋಲಿಮಾ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು, ಆದರೂ ಆ ಗುಮ್ಮಟದ ಕೆಳಗೆ ಅವಳೇ ಕೂತಿದ್ದಾಳೆ ಎನ್ನಿಸಿತ್ತು. ಮತ್ತೆ ಆ ಗಡಿಯಾರದ ಗೋಪುರ, ಇಟ್ಟಿಗೆಯದು, ಮೋಟು, ಊರಿನ ಮೂಗು ಎಂದು ಕರೆಯುತ್ತಾರಂತೆ, ಸ್ವಾತಂತ್ರ್ಯದ ಯುದ್ಧದಲ್ಲಿ ಅದರ ಸೀಸದ ತೂಕದ ಗುಂಡು ಕರಗಿಸಿ ಬಂದೂಕಿನ ಗುಂಡು ಮಾಡಿದರಂತೆ — ಇಷ್ಟೆಲ್ಲ ತಿಳಿದವಳಿಗೆ ಒಂದು ಮಗುವಿನ ಕಣ್ಣು ಹೇಗೆ ನೋಡುತ್ತದೆ ಎಂಬುದು ತಿಳಿಯಲಿಲ್ಲ.

ಮನೆಯವರ ಆಲ್ಬಮ್ ಒಂದನ್ನು ಮಗುವಿಗೆ ಮೊದಲೇ ಕಳಿಸಬೇಕು, ಅದು ಪದ್ಧತಿ, ಇದು ಅಮ್ಮ, ಇದು ಅಪ್ಪ, ಇದು ನಿನ್ನ ಮಂಚ. ಬಂದ ಮಗುವಿಗೆ ಪರಕೀಯ ಅನ್ನಿಸಬಾರದು ಎಂದು ಗೋಪುರದ ದೊಡ್ಡ ಚಿತ್ರ ಮಾಡಿಸಿ ಮಂಚದ ಪಕ್ಕ ಅಂಟಿಸಿದವಳು ತಾನು, ಅಂಚು ಚೆನ್ನಾಗಿ ಕಾಣಲಿ ಎಂದು ಬಿಳಿ ಪಟ್ಟಿ ಹೊಡೆಸಿದವಳು ತಾನು, ಎರಡೂ ಕಡೆ ಹಳದಿ ಪರದೆ ತೂಗುಹಾಕಿದವಳೂ ತಾನೇ, ಬಿಸಿಲು ಬಂದ ಒಂದೇ ಒಂದು ಬೆಳಗ್ಗೆ ಲಿಂಗರಾಜ ಆಲ್ಬಮ್ಮಿಗೆಂದು ಫೋಟೊ ತೆಗೆದ, ಆಹಾ, ಅರಮನೆ ಹಾಗೆ ಬಂದಿದೆ ಕಣೇ. ನಿನ್ನೆ ಆಶ್ರಮದ ಮೇಲ್ವಿಚಾರಕಿಯಿಂದ ಮೇಲ್ ಬಂತು, ಮಗು ತುಂಬ ಖುಷಿಯಾಗಿದ್ದಾಳೆ, ಅವರ ಮನೆ ನಮ್ಮ ಊರಲ್ಲೇ ಇದೆ, ನಾನು ಎಲ್ಲಿಗೂ ಹೋಗಬೇಕಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಾಳೆ, ಯಾವ ಕಿಟಕಿಯಿಂದ ಗೋಪುರ ಕಾಣುತ್ತದೆ ಎಂದು ಕೇಳುತ್ತಾಳೆ. ಪಟ್ಟಿ, ಪರದೆ, ಬಿಸಿಲು, ಕಾಗದ ಕಿಟಕಿಯಾಗಿಬಿಟ್ಟಿದೆ. ಜೊತೆಗೊಂದು ಫೋಟೊ — ಆಲ್ಬಮ್ ತೊಡೆಯ ಮೇಲೆ, ಉಗುರು ಕಚ್ಚಿದ ಒಂದು ಪುಟ್ಟ ಬೆರಳು ಗೋಪುರದ ಮೇಲೆ.

ಲಿಂಗರಾಜನ ಫೋನು. ಎಲ್ಲಿದೀಯಾ ವೇದಾ? ಬರ್ತಿದೀನಿ ರೀ, ರೈಲು ನಿಧಾನ. ನೋಡು, ಗೋಪುರ ಕಾಣತ್ತಾ ಅಂತ ಅವಳು ಕೇಳಿದ್ರೆ ಹೂಂ ಅಂದುಬಿಡೋಣ, ಬಂದ್ಮೇಲೆ ಮಕ್ಕಳು ಹೊಂದ್ಕೋತಾರೆ, ಈಗ ಇಲ್ಲ ಅಂದ್ರೆ ಬೇಡ ಅಂದುಬಿಡ್ತಾಳೆ, ಆಮೇಲೆ ನಾವೇನು ಮಾಡೋದು? ಅಳುವುದೆಂದರೆ ನಾಚುವ ಗಂಡಸು, ಕೆಮ್ಮಿದ. ಹೂಂ ಅಂದುಬಿಡೋಣ, ಎಷ್ಟು ಸುಲಭ, ಒಂದು ಹೂಂ, ಮಗು ಬರುತ್ತದೆ, ವಿಮಾನ ಇಳಿಯುತ್ತದೆ, ಹಿಮ, ಕತ್ತಲು, ಕೋಣೆಗೆ ಓಡಿ ಪರದೆ ಸರಿಸುತ್ತದೆ, ಕೈ ಕಾಗದಕ್ಕೆ ತಾಗುತ್ತದೆ, ಆಗ ತಿರುಗಿ ತನ್ನನ್ನು ನೋಡುತ್ತದೆಯಲ್ಲ, ಆ ನೋಟ — ಅದರ ಕೆಳಗೆ ಜನ್ಮವಿಡೀ ಬದುಕಲು ತನ್ನಿಂದಾಗದು, ಆದರೆ ಆ ಫ್ರಿಜ್ಜಿನ ಮೇಲಿನ ಮುಖ ತೆಗೆದ ಮೇಲೆ ಬದುಕಲೂ ಆಗದು, ದೇವರೇ, ಅತ್ತ ದರಿ ಇತ್ತ ಪುಲಿ, ಸೋಲ್ನಾ ಬಂತು, ಇಳಿ, ಓಡು, ಜಾರಬೇಡ.

ಲಿಂಗರಾಜ ಲ್ಯಾಪ್‌ಟಾಪನ್ನು ಮಗುವಿನ ಕೋಣೆಯಲ್ಲೇ ಇಟ್ಟಿದ್ದಾನೆ, ಇಸ್ತ್ರಿ ಅಂಗಿ, ಅವಳು ಕೋಟು ಬಿಚ್ಚದೆ ನೇರ ಹೋಗಿ ಪರದೆ ಎಳೆದು ಗೋಪುರದ ಮೂಲೆ ಹಿಡಿದು ಕಿತ್ತಳು, ಏಯ್ ಏನ್ ಮಾಡ್ತಿದೀಯಾ, ಪರ್ ಎಂದಿತು, ಟೇಪಿನೊಂದಿಗೆ ಗೋಡೆಯ ಬಣ್ಣವೂ ಬಂತು, ಒಳಗಿಂದ ಬಿಳಿ ಪುಡಿ ಬೆರಳಿಗೆ, ಸುಣ್ಣದ ಹಾಗೆ, ಮತ್ತು ಲ್ಯಾಪ್‌ಟಾಪ್ ಕೂಗತೊಡಗಿತು. ಅಲ್ಲಿ ಬೆಳಗಿನ ಬೆಳಕು, ಎರಡು ಜಡೆ, ಫೋಟೊದಲ್ಲಿದ್ದದ್ದಕ್ಕಿಂತ ಚಿಕ್ಕ ಮುಖ, ಪಕ್ಕದಲ್ಲಿ ಮೇಲ್ವಿಚಾರಕಿ, ಮಗು ನಮಸ್ಕಾರವನ್ನೂ ಹೇಳದೆ ವೇದವತಿಯ ಭುಜದಾಚೆ ಹುಡುಕುತ್ತಿದೆ, ಕಿಟಕಿ ಎಲ್ಲಿ? ಸಂಜೆ ತರಗತಿಯಲ್ಲಿ ಕಲಿತ ಸ್ಪ್ಯಾನಿಶ್ ತುಂಡು ತುಂಡಾಗಿ ಬಂತು — ಕಿಟಕಿ ಅಲ್ಲ ಪುಟ್ಟಿ. ಕಾಗದ. ಇಲ್ಲಿಂದ ಗೋಪುರ ಕಾಣಲ್ಲ. ನಮ್ಮ ಮನೆ ತುಂಬ ದೂರ. ಮಗು ಮೇಲ್ವಿಚಾರಕಿಯನ್ನು ನೋಡಿತು, ಆಕೆ ಮೆಲ್ಲಗೆ ತಲೆಯಾಡಿಸಿದಳು, ಮಗು ಮತ್ತೆ ಇತ್ತ ತಿರುಗಿತು, ಹಾಗಾದ್ರೆ ಯಾಕೆ ಅಂಟಿಸಿದ್ರಿ? ನಾನು ನೋಡಕ್ಕೆ, ಎಂದಳು ವೇದವತಿ, ಅದು ಆ ಕ್ಷಣದಲ್ಲೇ ಅವಳಿಗೂ ಗೊತ್ತಾದದ್ದು, ದಿನಾ ನೋಡ್ತಿದ್ದೆ, ನೀನು ಅಲ್ಲೇ ಎಲ್ಲೋ ಇದೀಯ ಅಂತ. ಮಗು ಆಲ್ಬಮ್ ತೊಡೆಗೆ ಎಳೆದುಕೊಂಡಿತು, ಪುಟ ತಿರುವಿತು, ಬರುತ್ತೀಯಾ ಎಂದು ಯಾರೂ ಕೇಳಲಿಲ್ಲ, ಕೇಳುವ ಧೈರ್ಯ ಯಾರಿಗಿದೆ, ಬೇಡ ಎನ್ನಬೇಡ ಮಗಳೇ, ಹೂಂ ಎಂದೂ ಬೇಡ, ಇನ್ನೊಂದು ಗಳಿಗೆ ಹೀಗೇ ಇರು, ತಲೆ ತಗ್ಗಿಸಿದೆ, ಬೈತಲೆ ಕಾಣುತ್ತಿದೆ, ಮತ್ತೆ ಆ ಬೆರಳು, ಗೋಪುರದ ಮೇಲೆ, ಒತ್ತಿದಂತೆ, ಎತ್ತುತ್ತಿಲ್ಲ, ಉಗುರು ಕಚ್ಚಿದ ಆ ಬೆರಳು —