ಐದು ದಿನದ ಮಾತ್ರೆ

"ಇಪ್ಪತ್ಮೂರು," ಎಂದಳು ಮಂಜುಶ್ರೀ.

ಡೇರಿಯ ಕಟ್ಟೆಗೆ ಕ್ಯಾನು ಏರಿಸಿ ನಿಂತಿದ್ದ ದುರ್ಗೇಶ್ ಕೇಳಿಸದವನ ಹಾಗೆ ಮೊಬೈಲು ನೋಡುತ್ತಲೇ ಇದ್ದ. ದಿನಾ ಬೆಳಿಗ್ಗೆ ಹನ್ನೆರಡು ಲೀಟರಿಗೆ ಒಂದು ಹನಿಯೂ ಕಡಿಮೆಯಾಗದ ಕ್ಯಾನು ಅವನದು. ಜಾಡಿಗೆ ಸುರಿದ ಅವನ ಹಾಲಿನಲ್ಲಿ ಲ್ಯಾಕ್ಟೋಮೀಟರು ಇಳಿಯಬಾರದಷ್ಟು ಇಳಿದು ತೇಲುತ್ತಿತ್ತು. ಒಳ್ಳೆಯ ಹಾಲಾದರೆ ಇಪ್ಪತ್ತೆಂಟರ ಗೆರೆಯಲ್ಲಿ ನಿಲ್ಲುವ ಗಾಜಿನ ಕಡ್ಡಿ ಅದು. ನೀರು ಬೆರೆತಷ್ಟೂ ಮುಳುಗುತ್ತದೆ, ಅಂಕಿ ಇಳಿಯುತ್ತದೆ. ಸೋಮವಾರ ಸಿಡಿಲಿಗೆ ಹಾಲು ಪರೀಕ್ಷೆಯ ಮಷಿನ್ನು ಸುಟ್ಟುಹೋದ ಮೇಲೆ ಡೇರಿಗೆ ಈ ಕಡ್ಡಿಯೇ ಗತಿ. ಅದನ್ನು ಓದಬೇಕಾದವಳು ಕಾರ್ಯದರ್ಶಿ ಮಂಜುಶ್ರೀ.

"ದುರ್ಗೇಶಣ್ಣ, ಡಿಗ್ರಿ ಬರ್ತಿಲ್ಲ. ಈ ಹಾಲು ತಗಳಕ್ಕಾಗಲ್ಲ. ಮಂಗಳವಾರ ಬೆಳಿಗ್ಗೇನೂ ಹೇಳಿದ್ದೆ."

ದುರ್ಗೇಶ್ ಡೇರಿಯ ನಿರ್ದೇಶಕ. ಎರಡು ಸಲ ಅವಿರೋಧವಾಗಿ ಆರಿಸಿ ಬಂದವನು. ತನ್ನ ಹಾಲಿಗೆ ಕಡ್ಡಿ ಇಳಿಸುವುದೇ ತನಗೆ ಮಾಡುವ ಅವಮಾನ ಎಂದು ತಿಳಿದವನು. ಮೊಬೈಲು ಜೇಬಿಗಿಳಿಸಿ, ಸಾಲಿನಲ್ಲಿ ನಿಂತವರ ಕಡೆಗೊಮ್ಮೆ ತಿರುಗಿ ನಕ್ಕ.

"ಕಡ್ಡಿ ಸರಿಯಾಗೇ ಇದೆ ಮಾರಾಯ್ತಿ. ಓದೋರ ತಲೆ ಸರಿ ಇರ್ಬೇಕಲ. ತಲೆ ಮಾತ್ರೆ ಬಿಟ್ಟು ಐದು ದಿನ ಆದ್ರೆ ಇಪ್ಪತ್ತೆಂಟೂ ಇಪ್ಪತ್ಮೂರಾಗಿ ಕಾಣ್ತದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂಜುಶ್ರೀಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯ ಬೆನ್ನಿಗೇ ಒಂದು ಅಳುಕೂ ಬಂತು. ಅವನು ಹೇಳಿದ್ದು ನಿಜವೇ ಆಗಿದ್ದರೆ? ಐದು ದಿನದಿಂದ ಅವಳು ಮಾತ್ರೆ ನುಂಗಿರಲಿಲ್ಲ.

ಒಂದೂವರೆ ವರ್ಷದ ಹಿಂದೆ ಅವ್ವ ತೀರಿಕೊಂಡ ಮೇಲೆ ಅವಳಿಗೆ ನಿದ್ದೆ, ಹಸಿವು ಎರಡೂ ಹೋಗಿದ್ದವು. ಬಚ್ಚಲಲ್ಲಿ ಬಿಸಿನೀರು ತೋಡಿಕೊಂಡು, ಅದು ತಣ್ಣಗಾಗುವವರೆಗೂ ಚೊಂಬು ಹಿಡಿದು ಸುಮ್ಮನೆ ಕೂತಿರುತ್ತಿದ್ದಳು. ಕೊನೆಗೆ ತಾನೇ ಬಸ್ಸು ಹತ್ತಿ ಸಾಗರದ ಡಾಕ್ಟರಮ್ಮನ ಹತ್ತಿರ ಹೋದಳು. "ಮೊದಲ ಎರಡು ವಾರ ವಾಕರಿಕೆ ಬರಬಹುದು, ಬಾಯಿ ಒಣಗಬಹುದು. ಗುಣ ಕಾಣೋಕೆ ತಿಂಗಳಾದ್ರೂ ಬೇಕು. ಆದ್ರೆ ನನ್ನ ಕೇಳದೆ ನಿಲ್ಲಿಸಬೇಡಿ. ಬಿಡೋದಾದ್ರೂ ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬಿಡಬೇಕು," ಎಂದಿದ್ದರು ಅವರು. ವಾಕರಿಕೆ ಬಂತು, ಹೋಯಿತು. ಒಂದು ಬೆಳಿಗ್ಗೆ ಚೊಂಬಿನ ನೀರು ಬಿಸಿಯಿರುವಾಗಲೇ ಮೈಮೇಲೆ ಬಿತ್ತು.

ಆಮೇಲೆ ತಿಂಗಳು ತಿಂಗಳೂ ಮಾತ್ರೆ ಬಸ್ಸಿನಲ್ಲೇ ಬರುತ್ತಿತ್ತು. ಮಾಸ್ತಿಕಟ್ಟೆ ಕಡೆಯ ಊರುಗಳಲ್ಲಿ ಎಷ್ಟೋ ಜನರ ಔಷಧಿ ಬರುವುದು ಹಾಗೇ. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಡಾಕ್ಟರ ಚೀಟಿ ಕೊಟ್ಟರೆ, ಸಂಜೆ ಬಸ್ಸಿಗೆ ಚೀಟಿ, ಮಾತ್ರೆ ಎರಡೂ ಒಂದೇ ಕವರಿನಲ್ಲಿ ವಾಪಸು. ಬಿಪಿ, ಶುಗರಿನವರ ಕವರುಗಳು ಬಾಯಿ ತೆರೆದುಕೊಂಡೇ ಬರುತ್ತವೆ. ಮಂಜುಶ್ರೀ ಮಾತ್ರ ತನ್ನದಕ್ಕೆ ಮೂರು ಕಡೆ ಪಿನ್ನು ಹೊಡೆಸುತ್ತಿದ್ದಳು. ಈ ಸಲ ಕವರು ಬರಲೇ ಇಲ್ಲ. ಸಾಗರದ ಔಷಧಿ ಅಂಗಡಿಯವನು, "ಮಂಗಳವಾರವೇ ಬಸ್ಸಿಗೆ ಕೊಟ್ಟಾಗಿದೆ ಮೇಡಂ," ಎಂದ. ಕಂಡಕ್ಟರ್ ರಜೆ ಹಾಕಿ ಊರಿಗೆ ಹೋಗಿದ್ದ, ಫೋನು ಎತ್ತಲಿಲ್ಲ. ಹೊಸನಗರದ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರು. ಚೀಟಿ ಕವರಿನೊಳಗೇ ಇತ್ತು. ಡಾಕ್ಟರಮ್ಮ ಬರುವುದು ಸೋಮವಾರ ಎಂದ ಆಸ್ಪತ್ರೆಯ ಸಿಸ್ಟರ್, "ಅಷ್ಟರಲ್ಲಿ ಮಾತ್ರೆ ಸಿಕ್ಕಿದ್ರೆ ಎಂದಿನ ಹಾಗೆ ದಿನಕ್ಕೆ ಒಂದೇ. ತಪ್ಪಿದ್ದನ್ನೆಲ್ಲ ಸೇರಿಸಿ ನುಂಗಬೇಡಿ," ಎಂದು ಎರಡೆರಡು ಸಲ ಹೇಳಿದ್ದಳು.

ಮೂರನೆಯ ದಿನಕ್ಕೆ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಜುಮ್ಮೆಂದು ಕರೆಂಟು ಹೊಡೆದಂತಾಗತೊಡಗಿತು. ತಲೆ ಸುತ್ತು, ಬೆವರು. ಸ್ಕೂಟಿ ಮನೆಯಲ್ಲೇ ಬಿಟ್ಟು ನಡೆದು ಡೇರಿಗೆ ಬಂದಳು. ಗಂಡ ರಾಘವೇಂದ್ರನದು ಬೇರೆಯೇ ರಾಗ. "ನಾಲ್ಕು ದಿನ ಬಿಟ್ರೂ ಓಡಾಡ್ತಿದೀಯಲ, ಹಂಗೇ ಬಿಟ್ಬಿಡು. ಯಾರ್ ಕಿವಿಗಾದ್ರೂ ಬಿದ್ರೆ ಮರ್ಯಾದೆ ಹೋಗ್ತದೆ," ಎಂದು ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದ. ಅದಕ್ಕೂ ಮೊದಲು ಇದೇ ಬಾಯಲ್ಲಿ ಇನ್ನೊಂದು ಮಾತಿತ್ತು. ಸಾರು ಚೆನ್ನಾಗಿಲ್ಲವೆಂದು ಅವನು ತಟ್ಟೆ ನೂಕಿದಾಗ ಅವಳು ಎದುರಾಡಿದರೆ, "ಇವತ್ತು ಮಾತ್ರೆ ತಗಂಡ್ಯಾ?" ತಟ್ಟೆ ನೂಕಿದವನಿಗೆ ಯಾವ ಮಾತ್ರೆಯೂ ಬೇಕಿಲ್ಲ. ಸಿಟ್ಟು ಬಂದವಳಿಗೆ ಮಾತ್ರ ಕಾಯಿಲೆ. ಕೇಳಿ ಕೇಳಿ ತನ್ನ ಸಿಟ್ಟಿನ ಮೇಲೆ ತನಗೇ ನಂಬಿಕೆ ಇಲ್ಲದ ಹಾಗಾಗಿತ್ತು ಅವಳಿಗೆ.

ಈಗಲೂ ಕಡ್ಡಿಯನ್ನು ಮೂರು ಸಲ ಓದಿಯೇ ಹೇಳಿದ್ದಳು. ನಾಲ್ಕನೆಯ ಸಲ ಬಗ್ಗುವಾಗ ತಲೆಯೊಳಗೆ ಜುಮ್ಮೆಂದಿತು. ಕಟ್ಟೆ ಹಿಡಿದುಕೊಂಡಳು.

"ನೋಡಿ, ನೋಡಿ," ಎಂದ ದುರ್ಗೇಶ್. "ಇಂಥೋರ ಕೈಲಿ ಡೇರಿ ಕೊಟ್ಟು ಕೂತಿದೀವಿ. ಬುಧವಾರದ ಮೀಟಿಂಗಲ್ಲಿ ಬೇರೆ ಯಾರನ್ನಾದ್ರೂ ನೋಡೋದೇ ಒಳ್ಳೇದು."

ಮಂಜುಶ್ರೀ ಕಣ್ಣು ಮುಚ್ಚಿ ತೆರೆದಳು. "ನನ್ನ ತಲೆ ಬೇಡ ಬಿಡಿ," ಎಂದಳು. "ಕೆರಿಯಮ್ಮ, ನಿನ್ನ ಹಾಲು ಕೊಡು."

ಒಂದೇ ಹಸು ಕಟ್ಟಿಕೊಂಡಿರುವ ಮುದುಕಿ ಕೆರಿಯಮ್ಮ ತಂಬಿಗೆ ಮುಂದೆ ಮಾಡಿದಳು. ಮಂಜುಶ್ರೀ ಇನ್ನೊಂದು ಜಾಡಿಗೆ ಆ ಹಾಲು ಸುರಿದು, ಕಡ್ಡಿಯನ್ನು ತೊಳೆದು ಅದರಲ್ಲಿ ಬಿಟ್ಟಳು. ಕಡ್ಡಿ ಮೇಲಕ್ಕೆ ಚಿಮ್ಮಿ ನಿಂತಿತು. ಎತ್ತಿ ದುರ್ಗೇಶನ ಹಾಲಿಗೆ ಬಿಟ್ಟಳು. ಗುಳುಕ್ಕನೆ ಇಳಿಯಿತು. ಮತ್ತೆ ಇದಕ್ಕೆ, ಮತ್ತೆ ಅದಕ್ಕೆ. ಸಾಲು ಮುರಿದು ಜನ ಕಟ್ಟೆಯ ಸುತ್ತ ಬಗ್ಗಿದರು.

"ನಂಗೆ ಓದಕ್ಕೆ ಬರಲ್ಲ ತಂಗಿ," ಎಂದಳು ಕೆರಿಯಮ್ಮ. "ಮುಳುಗದು ಕಾಣ್ತದಲ."

ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ. ದುರ್ಗೇಶ್ ಹುಲ್ಲು, ಹಿಂಡಿ, ಮಳೆ ಎಂದು ಏನೇನೋ ಹೇಳುತ್ತ ಕ್ಯಾನಿನ ಮುಚ್ಚಳ ಹುಡುಕತೊಡಗಿದ. ಆಗ ಮಂಜುಶ್ರೀಗೆ ಇನ್ನೊಂದು ಹೊಳೆಯಿತು. ಹೊಳೆದದ್ದೇ ಸಿಟ್ಟು ನೆತ್ತಿಗೇರಿತು.

"ಐದು ದಿನ ಅಂತ ನಿಮಗೆ ಹೆಂಗೆ ಗೊತ್ತು?"

"ಎಂತದು?"

"ನಾನು ಮಾತ್ರೆ ತಗಳೋದೇ ನನ್ನ ಗಂಡನ್ನ ಬಿಟ್ಟು ಈ ಊರಲ್ಲಿ ಒಬ್ರಿಗೂ ಗೊತ್ತಿಲ್ಲ. ಅವರು ಸತ್ರೂ ಬಾಯಿ ಬಿಡಲ್ಲ. ನೀವು ದಿನ ಲೆಕ್ಕ ಇಟ್ಟಿದೀರಿ. ಎಲ್ಲಿ ನನ್ನ ಕವರು?"

ದುರ್ಗೇಶ್ ಅತ್ತಿತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಕಂಡಕ್ಟರ್ ಕೊಟ್ಟಿದ್ದ, ನಿಮಗೆ ಮುಟ್ಸಿ ಅಂತ. ಮರ್ತೇ ಹೋಯ್ತು ಮಾರಾಯ್ತಿ. ಅದಕ್ಕೆ ಇಷ್ಟು..."

"ಮರ್ತೋಯ್ತಾ? ಬೆಳಿಗ್ಗೆ ಸಂಜೆ ನನ್ನ ಎದುರಿಗೇ ಬಂದು ನಿಲ್ತೀರಿ, ಮರ್ತೋಯ್ತಾ? ನಾನು ಗೋಡೆ ಹಿಡ್ಕಂಡು ನಡೀತಿದ್ದೆ. ನೋಡ್ತಿದ್ರಿ ನೀವು! ತನ್ನಿ ಇಲ್ಲಿ!"

ಆ ಕಿರುಚಿಗೆ ರಸ್ತೆಯಾಚೆಯ ಹೋಟೆಲಿನವರೂ ಹೊರಗೆ ಬಂದರು. ದುರ್ಗೇಶ್ ಬೈಕಿನ ಪಕ್ಕದ ಪೆಟ್ಟಿಗೆಯಿಂದ ಕವರು ತಂದು ಕಟ್ಟೆಯ ಮೇಲಿಟ್ಟ. ಮೂರು ಪಿನ್ನೂ ಕಿತ್ತುಹೋಗಿದ್ದವು.

ಅವಳು ಕವರನ್ನು ಒಳಗೆ ಒಯ್ಯಲಿಲ್ಲ. ಎಲ್ಲರೆದುರೇ ಸ್ಟ್ರಿಪ್ಪು ತೆಗೆದು, ಹೆಸರು, ಪವರ್ರು ಚೀಟಿಯೊಂದಿಗೆ ತಾಳೆ ನೋಡಿದಳು. ಐದನ್ನೂ ಒಟ್ಟಿಗೆ ನುಂಗಿ ಈ ತಲೆಯ ಕರೆಂಟು ಈಗಲೇ ನಿಲ್ಲಿಸಬೇಕು ಎಂದು ಒಮ್ಮೆ ಅನಿಸಿತು. ಸಿಸ್ಟರ್ ಹೇಳಿದ್ದು ನೆನಪಾಗಿ ಒಂದೇ ಒತ್ತಿ ತೆಗೆದು, ನೀರು ಕುಡಿದಳು. ಸ್ಟ್ರಿಪ್ಪನ್ನು ಜಾಡಿಯ ಪಕ್ಕದಲ್ಲೇ ಇಟ್ಟಳು.

"ಮುಂದಿನವರು ಬನ್ನಿ," ಎಂದಳು.

ಸೋಮವಾರ ಡಾಕ್ಟರಮ್ಮ ಫೋನಿನಲ್ಲೇ ಎಲ್ಲ ಕೇಳಿ, ಹಾಗೇ ಮುಂದುವರಿಸಿ ಎಂದರು. ಮೂರ್ನಾಲ್ಕು ದಿನದಲ್ಲಿ ತಲೆಯ ಜುಮ್ಮು ನಿಂತಿತು, ಬೆವರು ನಿಂತಿತು. ಬುಧವಾರದ ಮೀಟಿಂಗಿನಲ್ಲಿ ಕಾರ್ಯದರ್ಶಿಯ ಮಾತು ಯಾರೂ ಎತ್ತಲಿಲ್ಲ. ಆ ಭಾನುವಾರ ರಾಘವೇಂದ್ರ ಅಭ್ಯಾಸಬಲದಿಂದ, "ಮಾತ್ರೆ ತಗಂಡ್ಯಾ?" ಎಂದಾಗ ಅವಳು, "ತಗಂಡೆ. ತಗಂಡೇ ಸಿಟ್ಟು ಬಂದಿದೆ," ಎಂದಳು. ಅವನು ತಟ್ಟೆ ತನ್ನ ಕಡೆಗೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ದುರ್ಗೇಶನ ಸರದಿ ಬಂತು. ಕ್ಯಾನು ಏರಿಸಿದ. ಮಂಜುಶ್ರೀ ಕಡ್ಡಿ ಇಳಿಸಿ ಒಂದೇ ಸಲ ಓದಿದಳು.

"ಇಪ್ಪತ್ತೆಂಟು," ಎಂದಳು, ಸಾಲಿಗೆಲ್ಲ ಕೇಳುವ ಹಾಗೆ.

ಆಮೇಲೆ ಹಾಲು ಅಳೆದಳು. ಎಂದಿನ ಹನ್ನೆರಡಲ್ಲ, ಹತ್ತು ಲೀಟರಿಗೇ ಮುಗಿಯಿತು. ಅವಳು ಖಾಲಿ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಬೋರಲು ಹಿಡಿದು, ಕೊನೆಯ ಹನಿ ಬೀಳುವವರೆಗೂ ಹಾಗೇ ನಿಂತಳು.