ಒಳಗುಳಿದ ಕಡ್ಡಿ

ಎರಡನೆಯ ಏಟಿಗೆ ತಂಗಿಯ ಕೈಯಲ್ಲಿದ್ದ ಸ್ಪ್ಯಾನರ್ ಕಳಚಿ ಬಿತ್ತು. ಮೂರನೆಯದು ಕಿವಿಯ ಹಿಂದೆ ಬಿದ್ದು ಚರ್ಮವನ್ನು ಸೀಳಿತು. ಅಣ್ಣನ ಕೈಯಲ್ಲಿದ್ದದ್ದು, ಕಟ್ಟಿದ ಸಾಮಾನನ್ನು ಓಡಿಸಿ ನೋಡುವ ಪರೀಕ್ಷೆಯ ಮೇಜಿನ ಬೆಲ್ಟು. ಮೋಟಾರನ್ನೂ, ಕಾರಿನ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನೂ ಜೋಡಿಸಿ ತಿರುಗಿಸಲೆಂದು ಮಾಡಿದ, ಒಳಮೈಗೆ ಹಲ್ಲುಗಳಿರುವ ಕರಿಯ ರಬ್ಬರು. ಅದು ಬಿದ್ದಲ್ಲೆಲ್ಲ ಹಲ್ಲಿನ ಗುರುತು ಸಾಲಾಗಿ ಮೂಡುತ್ತಿತ್ತು.

"ಸಾಕಾ? ಇನ್ನೂ ಬೇಕಾ?" ಎಂದು ಅಣ್ಣ ಏದುಸಿರು ಬಿಡುತ್ತ ಕೇಳಿದ. ಕೇಳಿದ್ದು ಅವಳನ್ನಲ್ಲ, ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಟ್ಯಾಕ್ಸಿ ಡ್ರೈವರನನ್ನು.

ಡ್ರೈವರನ ಹಣೆಗೆ ಪಟ್ಟಿ ಕಟ್ಟಿತ್ತು. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ಸರಳು. ಅವನ ಕಾಲ ಬಳಿ, ಕಾರಿನಿಂದ ಕಿತ್ತು ತಂದು ಎಸೆದ ಆಲ್ಟರ್ನೇಟರ್ ಬಿದ್ದಿತ್ತು. ಹಿಂದಿನ ವಾರ ಇದೇ ಅಂಗಡಿಯಲ್ಲಿ ಬಿಚ್ಚಿ, ಸರಿಮಾಡಿ ಕಟ್ಟಿಕೊಟ್ಟದ್ದು. ಅದೇ ದಿನ ಸಂಜೆ ಇಳಿಜಾರಿನ ತಿರುವಿನಲ್ಲಿ ಬ್ಯಾಟರಿ ಬರಿದಾಗಿ ಹೆಡ್‌ಲೈಟು ಕಣ್ಣು ಮುಚ್ಚಿತ್ತು. ಕಾರು ತಡೆಗೋಡೆಗೆ ಅಪ್ಪಳಿಸಿ ಪಕ್ಕದಲ್ಲಿ ಕೂತಿದ್ದ ಅವನ ತಮ್ಮನ ಬಲಗೈ ನುಜ್ಜುಗುಜ್ಜಾಗಿತ್ತು. ತಮ್ಮ ದರ್ಜಿ. ಆ ಕೈ ಇನ್ನು ಕತ್ತರಿ ಹಿಡಿಯದು.

"ಇದನ್ನ ಕಟ್ಟಿದ ಕೈ ಯಾವುದು?" ಎಂಬುದೊಂದೇ ಅವನು ಬಂದೊಡನೆ ಕೇಳಿದ ಮಾತು. ಅಣ್ಣ ಒಂದು ಉಸಿರಿನಷ್ಟೂ ತಡಮಾಡದೆ ತಂಗಿಯ ಕಡೆಗೆ ಬೆರಳು ತೋರಿಸಿದ್ದ. ಅದನ್ನು ಕಟ್ಟಿದ ದಿನ ಅಂಗಡಿಯಲ್ಲಿ ಕೆಲಸ ಬಿಡುವಿಲ್ಲದೆ ಸಾಗಿತ್ತು. ಯಾವ ಸಾಮಾನನ್ನು ಯಾರು ಕಟ್ಟಿದರೆಂಬುದು ಅವನಿಗೂ ನೆನಪಿರಲಿಲ್ಲ, ಅವಳಿಗೂ ಇರಲಿಲ್ಲ. ಆದರೆ ಹೆದರಿಕೆಗೆ ನೆನಪಿನ ಅಗತ್ಯವಿಲ್ಲ. ಹೊರಗಿನ ಗಂಡಸು ಹೆಂಗಸಿನ ಮೇಲೆ ಕೈಮಾಡಲು ಹಿಂಜರಿದಾನು ಎಂಬ ಲೆಕ್ಕಾಚಾರ ಅವನದು. ತಂಗಿಯನ್ನು ಗುರಾಣಿಯಂತೆ ಮುಂದೊಡ್ಡುವವನಿಗೂ ಅಣ್ಣನೆಂಬ ಹೆಸರನ್ನು ಉಳಿಸಿರುವುದು ಭಾಷೆಯ ಔದಾರ್ಯ.

ಲೆಕ್ಕ ಅರ್ಧ ಸರಿಹೋಗಿತ್ತು. "ಹೆಂಗಸಿನ ಮೇಲೆ ನಾನು ಕೈ ಎತ್ತಲ್ಲ," ಎಂದಿದ್ದ ಡ್ರೈವರ್. "ನೀನೇ ಹೊಡಿ. ನಾನು ನೋಡ್ತೀನಿ."

ಅಣ್ಣ ಹೊಡೆದಿದ್ದ.

ಬೀದಿಯಲ್ಲಿ ಜನ ಸೇರಿದ್ದರು. ಪಕ್ಕದ ಟೈರಿನ ಅಂಗಡಿಯ ಮುದುಕ, ಎಲ್ಲರೂ ಪಂಕ್ಚರ್ ಮಾವನೆಂದು ಕರೆಯುವವನು, ಕೈಯಲ್ಲಿ ಒದ್ದೆ ಟ್ಯೂಬು ಹಿಡಿದು ಮೆಟ್ಟಿಲವರೆಗೂ ಬಂದಿದ್ದ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಅಣ್ಣ ತಂಗಿ ಜಗಳ ಬೆಲ್ಟ್ ಹರಿಯೋ ತನಕ," ಎಂದ. ಇಬ್ಬರು ನಕ್ಕರು. ತಡೆಯಲು ಒಬ್ಬನೂ ಮುಂದೆ ಬರಲಿಲ್ಲ. ಮನೆಯ ಮಾತಿಗೆ ಹೊರಗಿನವರು ಕೈಹಾಕಬಾರದೆಂಬ ಸಭ್ಯತೆ ಎಲ್ಲರಲ್ಲಿಯೂ ತುಂಬಿ ತುಳುಕುತ್ತಿತ್ತು.

"ನಾಳೆಯಿಂದ ಈ ಟೇಬಲ್ ಮುಟ್ಟಿದ್ರೆ ಬೆರಳು ಮುರೀತೀನಿ," ಎಂದು ಅಣ್ಣ ಮತ್ತೆ ಬೆಲ್ಟು ಎತ್ತಿದ. "ಮನೇಲಿ ಬಿದ್ದಿರು. ಅಪ್ಪ ನಿನ್ನನ್ನ ಇಲ್ಲಿ ಕೂರಿಸಿದ್ದೇ ತಪ್ಪು."

ಅವಳು ಆ ಮಾತಿಗೆ ತಲೆಯೆತ್ತಿದಳು. ಆ ಮೇಜು ಅಪ್ಪ ಅವಳಿಗೆ ಬಿಟ್ಟುಹೋದ ಒಂದೇ ಒಂದು ಜಾಗ. ಆಟದ ವಯಸ್ಸಿನಲ್ಲಿ ಅವಳು ಅಲ್ಲಿ ಕೂತು ತಾಮ್ರದ ತಂತಿ ಸುತ್ತಿದ್ದಳು. ಮೇಲಿನ ಗೋಡೆಯಲ್ಲಿ ಅಪ್ಪ ಕೆಂಪು ಬಣ್ಣದಲ್ಲಿ ಬರೆದ ಅಕ್ಷರಗಳು ಇನ್ನೂ ಇದ್ದವು: ದೀಪ ಉರಿಯದೆ ಸಾಮಾನು ಹೊರಗೆ ಹೋಗಕೂಡದು.

"ಬಿಚ್ಚಿ ನೋಡೋಣ," ಎಂದಳು.

"ಏನು ನೋಡೋದು ಕತ್ತೆ?"

"ಯಾರ ತಪ್ಪು ಅಂತ. ನಂದೇ ಆಗಿದ್ರೆ ನಾನೇ ಟೇಬಲ್ ಬಿಟ್ಟು ಹೋಗ್ತೀನಿ. ಏಟು ಮೊದಲು, ವಿಚಾರಣೆ ಆಮೇಲೆ ಅಂದ್ರೆ ಹೇಗಣ್ಣ?"

ಡ್ರೈವರ್ ಒಳಗೆ ಬಂದ. ಸರಳಿನ ತುದಿಯಿಂದ ಮೇಜಿನ ಮೂಲೆಯ ವೈಸನ್ನು ತಟ್ಟಿದ. ಸಾಮಾನನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ ಟಣ್ಣೆಂದಿತು. "ಬಿಚ್ಚಮ್ಮ. ತಪ್ಪು ಮಾಡಿದ ಕೈ ಇದರೊಳಗೆ ಹೋಗುತ್ತೆ. ನಾನು ಹೆಂಗಸಿನ ಮೇಲೆ ಕೈ ಎತ್ತಲ್ಲ, ನಿಜ. ಆದ್ರೆ ಇದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ."

ಅವಳು ಆಲ್ಟರ್ನೇಟರನ್ನು ಮೇಜಿಗೆ ಎತ್ತಿಟ್ಟಳು. ಕಿವಿಯ ಹಿಂದಿನ ರಕ್ತ ಕತ್ತಿನಗುಂಟ ಇಳಿದು ಕಾಲರಿನಲ್ಲಿ ಇಂಗುತ್ತಿತ್ತು. ಬೆಲ್ಟು ಕೂರುವ ಗಾಲಿಯ, ಪುಲ್ಲಿಯ, ನಟ್ಟು ಬಿಚ್ಚಿದಳು. ಚಿಪ್ಪಿನ ಎರಡು ಭಾಗಗಳನ್ನು ಬಿಗಿದ ಉದ್ದನೆಯ ಬೋಲ್ಟುಗಳನ್ನು ತೆಗೆದು, ಮರದ ಸುತ್ತಿಗೆಯಿಂದ ಅಂಚನ್ನು ಸುತ್ತಲೂ ಹದವಾಗಿ ಬಡಿದಳು. ಏಟಿನ ನೋವಿಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು, ಒಳಗೆ ತನ್ನದೇ ತಪ್ಪು ಕಾದಿದ್ದರೆ ಎಂಬ ಭಯ. ಚಿಪ್ಪು ಬಾಯಿಬಿಟ್ಟಿತು. ಮುಂಭಾಗದೊಡನೆ ತಿರುಗುವ ರೋಟರ್ ಹೊರಬಂತು. ಹಿಂಭಾಗವನ್ನು ಅವಳು ಮಗುಚಿ ಇಟ್ಟಳು. ತಿರುಗುವುದನ್ನು ಮೊದಲು ನೋಡು, ನಿಂತಿರುವುದು ಎಲ್ಲಿಗೂ ಹೋಗುವುದಿಲ್ಲ ಎನ್ನುವುದು ಅಪ್ಪನ ಪಾಠ.

ಪರೀಕ್ಷೆಯ ದೀಪದ ಎರಡು ತಂತಿಗಳನ್ನು ರೋಟರಿನ ಎರಡು ತಾಮ್ರದ ಉಂಗುರಗಳಿಗೆ ಮುಟ್ಟಿಸಿದಳು. ದೀಪ ಉರಿಯಿತು: ಸುರುಳಿ ಎಲ್ಲಿಯೂ ಕಡಿದಿಲ್ಲ. ಒಂದು ತಂತಿಯನ್ನು ಉಂಗುರಕ್ಕೂ ಇನ್ನೊಂದನ್ನು ನಡುವಿನ ಕಬ್ಬಿಣಕ್ಕೂ ಮುಟ್ಟಿಸಿದಳು. ಉರಿಯಲಿಲ್ಲ, ಉರಿಯಬಾರದು: ಕರೆಂಟು ಎಲ್ಲಿಯೂ ಸೋರುತ್ತಿಲ್ಲ.

"ನಾಟಕ ಸಾಕು!" ಎಂದು ಅಣ್ಣ ಅವಳ ಜಡೆಗೆ ಕೈಹಾಕಿ ಹಿಂದಕ್ಕೆಳೆದ. ಡ್ರೈವರ್ ಸರಳನ್ನು ಅವನ ಎದೆಗೆ ಒತ್ತಿ ಗೋಡೆಗೆ ಒರಗಿಸಿದ. "ಅವಳು ಮುಗಿಸ್ಲಿ. ನಿನಗ್ಯಾಕೆ ಬೆವರು?"

ಅವಳು ಉಂಗುರಗಳ ಮೇಲೆ ಬೆರಳಾಡಿಸಿದಳು. ಕನ್ನಡಿಯಂತೆ ಹೊಳೆಯುತ್ತಿದ್ದವು. ಬ್ರಷ್ಷು ಉಜ್ಜಿದ ಕರಿಗೆರೆ ಎಲ್ಲಿಯೂ ಇರಲಿಲ್ಲ. ಹಿಂಭಾಗದ ಚಿಪ್ಪನ್ನು ಮೆಲ್ಲನೆ ತಿರುಗಿಸಿದಳು.

ಉಂಗುರಗಳಿಗೆ ಕರೆಂಟು ಒಯ್ಯುವ ಎರಡು ಇದ್ದಿಲ ಬ್ರಷ್ಷುಗಳು ಆ ಚಿಪ್ಪಿನಲ್ಲಿರುತ್ತವೆ. ಬೆನ್ನಿಗೆ ಸ್ಪ್ರಿಂಗ್ ಇರುವುದರಿಂದ, ರೋಟರ್ ಹೊರಬಂದೊಡನೆ ಗೂಡಿನಿಂದ ಮುಂದಕ್ಕೆ ಚಿಮ್ಮಬೇಕು. ಇವು ಚಿಮ್ಮಿರಲಿಲ್ಲ. ಒಳಗೇ ಅದುಮಿಕೊಂಡು ಕುಳಿತಿದ್ದವು.

ಕಟ್ಟುವಾಗ ಅವು ಅಡ್ಡ ಬರುತ್ತವೆಂದು, ಅವನ್ನು ಹಿಂದಕ್ಕೆ ಒತ್ತಿ, ಚಿಪ್ಪಿನ ಬೆನ್ನಿನ ಸಣ್ಣ ತೂತಿನಿಂದ ಒಂದು ಕಡ್ಡಿ ತೂರಿಸಿ ತಡೆಹಿಡಿಯುವುದು ಈ ಕೆಲಸದ ಕ್ರಮ. ಎಲ್ಲ ಬಿಗಿದ ಮೇಲೆ ಕಡ್ಡಿಯನ್ನು ಹೊರಗೆಳೆದರೆ ಬ್ರಷ್ಷುಗಳು ಉಂಗುರದ ಮೇಲೆ ಕೂರುತ್ತವೆ. ಮರೆತರೆ ಬ್ಯಾಟರಿಗೆ ಹನಿ ಕರೆಂಟೂ ಹೋಗುವುದಿಲ್ಲ. ಡ್ರೈವರನ ಎದುರಿನ ಎಚ್ಚರಿಕೆಯ ಕೆಂಪು ದೀಪ ಕೂಡ ಉರಿಯುವುದಿಲ್ಲ. ಆದ್ದರಿಂದಲೇ ತಂಗಿ ತನ್ನ ತಲೆಯ ಹೇರ್‌ಪಿನ್ ಬಳಸುತ್ತಿದ್ದಳು. ಅದರ ಬಾಗಿದ ತಲೆ ಹೊರಗೇ ಉಳಿಯುತ್ತದೆ, ಮರೆಯಲು ಬಿಡುವುದಿಲ್ಲ. ಅಣ್ಣ ಬಳಸುತ್ತಿದ್ದುದು ಪಂಕ್ಚರ್ ಮಾವನ ಅಂಗಡಿಯಿಂದ ತಂದ ಸೈಕಲ್ ಕಡ್ಡಿಯ ತುಂಡುಗಳನ್ನು. "ಗ್ಯಾರೇಜಿಗೆ ಹೆಣ್ಣಿನ ಸಿಂಗಾರ ಬೇಡ," ಎಂದು ಅವಳ ಪಿನ್ನನ್ನು ಅವನು ಎಷ್ಟೋ ಸಲ ಚರಂಡಿಗೆ ಎಸೆದಿದ್ದ.

ಅವಳು ಚೂಪು ಇಕ್ಕಳದಿಂದ ತೂತಿನೊಳಗೆ ಹುದುಗಿದ್ದನ್ನು ಹಿಡಿದು ಎಳೆದಳು. ಬ್ರಷ್ಷುಗಳು ಟಕ್ಕನೆ ಚಿಮ್ಮಿದವು. ಇಕ್ಕಳದ ತುದಿಯಲ್ಲಿ ಸೈಕಲ್ ಕಡ್ಡಿಯ ಮೋಟು ತುಂಡಿತ್ತು.

"ಏನದು?" ಎಂದ ಡ್ರೈವರ್. ಅವನ ಕಣ್ಣಿಗೆ ಅದೊಂದು ತಂತಿಯ ಚೂರು.

"ಕಟ್ಟಿದವರು ತೆಗೆಯೋಕೆ ಮರೆತಿದ್ದು."

"ಯಾರು?"

"ಅವಳೇ!" ಎಂದು ಅಣ್ಣ ಕಿರುಚಿದ. "ಅವಳಿಗೆ ಮರೆವು ಜಾಸ್ತಿ." ಬಳಿಕ ದನಿ ಕುಸಿಯಿತು. "ಪುಟ್ಟಿ, ಹೇಳೇ. ನಿಂದೇ ಅಂತ ಹೇಳು." ಅವಳನ್ನು ಅವನು ಪುಟ್ಟಿ ಎಂದು ಕರೆದದ್ದು ಅಪ್ಪ ಸತ್ತ ಮೇಲೆ ಅದೇ ಮೊದಲು.

ಅವಳು ಮೆಟ್ಟಿಲ ಕಡೆಗೆ ತಿರುಗಿದಳು. "ಮಾವ, ಇದು ಯಾರದು ಅಂತ ನಿಮಗೂ ಗೊತ್ತು. ನೀವೇ ಹೇಳಿ."

ಪಂಕ್ಚರ್ ಮಾವ ಒದ್ದೆ ಟ್ಯೂಬನ್ನು ಹಿಂಡಿದ. "ನನಗೆ ಗಾಳಿ ತುಂಬೋದು ಬಿಟ್ರೆ ಇನ್ನೇನು ಗೊತ್ತಮ್ಮ?"

ಹೊಡೆಯುವವನೊಬ್ಬ ಸಾಕು, ಹೊಡೆತ ನಡೆಯಲು ಇಂಥ ಹತ್ತು ಜನ ಬೇಕು. ಅವಳು ಜಡೆಯಿಂದ ಪಿನ್ನನ್ನು ಸೆಳೆದಳು. ಬಿಚ್ಚಿದ ಕೂದಲು ಕತ್ತಿನ ರಕ್ತಕ್ಕೆ ಅಂಟಿಕೊಂಡಿತು. ಪಿನ್ನನ್ನು ಮೇಜಿನ ಮೇಲೆ ಕಡ್ಡಿಯ ಪಕ್ಕದಲ್ಲಿಟ್ಟಳು.

"ನಂದು ಇದು," ಎಂದಳು. "ಅದು ಅಣ್ಣಂದು."

ಡ್ರೈವರ್ ಸರಳಿನಿಂದ ಅಣ್ಣನ ಮೊಣಕಾಲಿಗೊಂದು ಬಡಿದು, ಬಾಗಿದವನ ಬಲಗೈಯನ್ನು ತಿರುಚಿ ಎಳೆದು, ಬೆರಳುಗಳನ್ನು ವೈಸಿನ ದವಡೆಗಳ ನಡುವೆ ತುರುಕಿ ಹಿಡಿಯನ್ನು ತಿರುಗಿಸಿದ. ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಅಣ್ಣನ ಕೂಗಿಗೆ ಬೀದಿಯ ಜನ ಒಂದು ಹೆಜ್ಜೆ ಹಿಂದೆ ಸರಿದರು. ನಕ್ಕಿದ್ದ ಇಬ್ಬರೂ ಅಲ್ಲೇ ಇದ್ದರು, ಈಗ ಡ್ರೈವರನ ನ್ಯಾಯಕ್ಕೆ ತಲೆದೂಗುತ್ತ.

ತಂಗಿ ಆ ಹಿಡಿಯ ಮೇಲೆ ಬಿದ್ದಳು. ಡ್ರೈವರ್ ಮೊಣಕೈಯಿಂದ ಅವಳ ಬಾಯಿಗೆ ತಿವಿದ, ತುಟಿ ಒಡೆಯಿತು. ಅವಳು ಬಿಡಲಿಲ್ಲ. ಇಡೀ ಮೈಭಾರವನ್ನು ಹಾಕಿ ಹಿಡಿಯನ್ನು ಹಿಮ್ಮುಖವಾಗಿ ಒತ್ತಿದಳು.

"ನಿನ್ನನ್ನ ನಾಯಿಗೆ ಬಡಿದ ಹಾಗೆ ಬಡಿದವನು ಇವನು!" ಎಂದ ಡ್ರೈವರ್.

"ಹೌದು. ಅದು ನನ್ನ ಅವನ ನಡುವಿನದು. ನಾನೇ ಕೇಳ್ಕೋತೀನಿ." ಅವಳ ಮಾತಿನೊಡನೆ ರಕ್ತ ಸಿಡಿಯಿತು. "ನಿಮ್ಮದನ್ನ ನೀವು ಕೇಳ್ಕೊಳ್ಳಿ. ದೀಪ ಹಾಕಿ ಪರೀಕ್ಷೆ ಮಾಡ್ದೆ ಈ ಅಂಗಡಿಯಿಂದ ಏನೂ ಹೊರಗೆ ಹೋಗಲ್ಲ. ಆವತ್ತು ಹೋಯ್ತು. ಯಾಕೆ? ಬಾಡಿಗೆ ತಪ್ಪುತ್ತೆ ಅಂತ ಇದೇ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆದೋರು ಯಾರು? ಆ ಕೈಯನ್ನೂ ಇಡ್ತೀರಾ ಇದರೊಳಗೆ?"

ಡ್ರೈವರನ ಹಿಡಿತ ಸಡಿಲವಾಯಿತು. ಅವನು ತನ್ನ ಬಲ ಅಂಗೈಯನ್ನು ನೋಡಿಕೊಂಡ. ಬೇರೆ ಯಾರದೋ ಕೈಯೆಂಬಂತೆ ಬಹಳ ಹೊತ್ತು ನೋಡಿದ. ಸರಳನ್ನು ನೆಲಕ್ಕಿಟ್ಟು ಬಾಗಿಲ ಬಳಿಯ ಟೈರಿನ ಮೇಲೆ ಕುಸಿದು ಕೂತ.

ಅವಳು ಅಣ್ಣನ ಬೆರಳುಗಳನ್ನು ಬಿಡಿಸಿ, ಒಗೆದ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ಒರಗಿಸಿ ಕೂರಿಸಿದಳು. "ಮಾವ, ಗಾಳಿ ತುಂಬಿದ್ದು ಸಾಕು. ಆಸ್ಪತ್ರೆಗೆ ಒಂದು ಗಾಡಿ ತನ್ನಿ," ಎಂದಳು. ಪಂಕ್ಚರ್ ಮಾವ ಓಡಿದ.

ಗಾಡಿ ಬರುವ ತನಕ ಅವಳು ಮೇಜಿನ ಮುಂದೆ ನಿಂತಳು. ಸುತ್ತಿನ ತಂತಿಗಳನ್ನು, ಡಯೋಡುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದಳು. ಬ್ರಷ್ಷುಗಳನ್ನು ಒತ್ತಿ ಹೇರ್‌ಪಿನ್ ತೂರಿಸಿದಳು, ಚಿಪ್ಪು ಕೂಡಿಸಿ ಬೋಲ್ಟು ಬಿಗಿದಳು, ಪಿನ್ನನ್ನು ಎಳೆದು ಹಲ್ಲುಗಳ ನಡುವೆ ಕಚ್ಚಿಕೊಂಡಳು. ಆಲ್ಟರ್ನೇಟರನ್ನು ಪರೀಕ್ಷೆಯ ಮೇಜಿಗೆ ಬಿಗಿದ ಮೇಲೆ ಬೆಲ್ಟು ಕಾಣಲಿಲ್ಲ. ಅದು ಅಣ್ಣನ ಕಾಲ ಬಳಿ ನೆಲದಲ್ಲಿತ್ತು. ಅವಳು ಬಾಗಿ ಅದನ್ನು ಕೈಗೆತ್ತಿಕೊಂಡಾಗ, ಅಣ್ಣ ಎಡತೋಳನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಮುದುಡಿದ.

ಅವಳು ಬೆಲ್ಟಿನ ಹಲ್ಲುಗಳನ್ನು ಬಟ್ಟೆಯಿಂದ ಒರೆಸಿ, ಎರಡು ಪುಲ್ಲಿಗಳ ಮೇಲೆ ಎಳೆದು ಕೂರಿಸಿ, ಸ್ವಿಚ್ಚು ಒತ್ತಿದಳು. ಮೇಜಿನ ಮೇಲಿನ ದೀಪ ಮೊದಲು ಕೆಂಪಗೆ ಮಿಣುಕಿತು, ಆಮೇಲೆ ಹಳದಿಯಾಯಿತು, ಆಮೇಲೆ ಬೆಳ್ಳಗೆ ಉರಿಯಿತು. ಡ್ರೈವರ್ ಕೂತಲ್ಲಿಂದಲೇ ಅದನ್ನು ನೋಡಿದ.

ಅವಳು ಸ್ವಿಚ್ಚು ಆರಿಸಿದಳು. ಮೋಟಾರಿನ ಸದ್ದು ಅಡಗಿದ ಮೇಲೂ ಬೆಲ್ಟು ಸ್ವಲ್ಪ ಹೊತ್ತು, ಮೆಲ್ಲಮೆಲ್ಲನೆ, ಪುಲ್ಲಿಗೆ ಬಡಿಯುತ್ತ ತಿರುಗುತ್ತಿತ್ತು. ಮುಖಕ್ಕೆ ಅಡ್ಡ ಹಿಡಿದ ತೋಳನ್ನು ಅಣ್ಣ ಇನ್ನೂ ಇಳಿಸಿರಲಿಲ್ಲ.