ಎಲ್ಲಾ ತೆಗೀರಿ

ಶರಣಮ್ಮ ಉಚ್ಚಿಲದಲ್ಲಿ ಬಸ್ಸಿಳಿಯುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಗಂಡ ಯಮನೂರ ಕಾರ್ಕಳದ ಕಲ್ಲುಕೋರೆಗೆಂದು ಹೊರಟವನು ಅಲ್ಲಿಗೂ ಮುಟ್ಟದೆ, ಮನೆಗೂ ಬಾರದೆ ಇವತ್ತಿಗೆ ಹನ್ನೆರಡು ದಿನ. ಕಾಪು, ಉಡುಪಿ, ಕಾರ್ಕಳ ಎಂದು ಬಸ್ ಸ್ಟ್ಯಾಂಡುಗಳಲ್ಲೆಲ್ಲ ಅಲೆದು ಅವಳ ಕಾಲು ಸೋತಿತ್ತು. ಮುಖ ಸರಿಯಾಗಿ ಕಾಣುವ ಫೋಟೋ ತಂದರೆ ಪೋಸ್ಟರ್ ಮಾಡಿ ಎಲ್ಲ ಕಡೆ ಅಂಟಿಸುತ್ತೇವೆ ಎಂದಿದ್ದರು ಠಾಣೆಯವರು. ಮನೆಯಲ್ಲಿದ್ದ ಆಧಾರಿನ ಝೆರಾಕ್ಸಿನಲ್ಲಿ ಇದ್ದದ್ದು ಯಮನೂರನ ಮುಖವೋ ಸೀದ ರೊಟ್ಟಿಯೋ, ದೇವರೇ ಬಲ್ಲ.

ಉಳಿದದ್ದು ಒಂದು ಪೆನ್‌ಡ್ರೈವ್. ಹೋದ ವರ್ಷ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಸೈಟಿನ ಇಂಜಿನಿಯರಮ್ಮ ಗಂಡಹೆಂಡಿರ ನಾಲ್ಕು ಫೋಟೋ ಹೊಡೆದು, ಅಗ್ಗದ ಪೆನ್‌ಡ್ರೈವೊಂದಕ್ಕೆ ಹಾಕಿಕೊಟ್ಟಿದ್ದಳು. ಆಮೇಲೆ ಆಯಮ್ಮ ಕೆಲಸ ಬಿಟ್ಟು ಯಾವ ಊರು ಸೇರಿದಳೋ. ಅದರೊಳಗೆ ಗಂಡ ಇದ್ದಾನೆಂದು ಶರಣಮ್ಮನಿಗೆ ಗೊತ್ತಿತ್ತೇ ಹೊರತು ಒಮ್ಮೆಯೂ ನೋಡಿರಲಿಲ್ಲ. ನೋಡಲು ಮನೆಯಲ್ಲಿ ಕಂಪ್ಯೂಟರ್ ಎಲ್ಲಿತ್ತು?

ಹೆದ್ದಾರಿ ಬದಿಯ ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ನಡೆಸುವ ಭೋಜ ಒಬ್ಬನೇ ಇದ್ದ. ಶರಣಮ್ಮ ಪೆನ್‌ಡ್ರೈವನ್ನು ಅವನ ಮುಂದಿಟ್ಟಳು.

"ಅಣ್ಣಾರ, ಇದರಾಗಿನವು ಎಲ್ಲಾ ತೆಗೀರಿ."

"ಎಲ್ಲ ತೆಗೆಯುವುದಾ ಅಕ್ಕ? ಮತ್ತೆ ಹೇಳಬಾರದು, ಆಯ್ತಾ?"

"ಹೂಂನ್ರಿ, ಒಂದೂ ಬಿಡಬ್ಯಾಡ್ರಿ."

ಬೆಂಚಿನ ಮೇಲೆ ಕೂತು ಗೋಡೆಗೆ ಒರಗಿದ್ದೇ ತಡ ಕಣ್ಣು ಮುಚ್ಚಿತು. ಹನ್ನೆರಡು ದಿನದ ನಿದ್ದೆ, ಬಿಟ್ಟೀತೇ?

"ಅಕ್ಕಾ, ಏಳಿ," ಎಂದು ಭೋಜ ಎಬ್ಬಿಸಿದ. "ಎಲ್ಲ ತೆಗೆದು ಕ್ಲೀನ್ ಮಾಡಿದ್ದೇನೆ. ನಿಮ್ಮ ಕಡೆಯ ಹಾಡು ತುಂಬಿಸಿದ್ದೇನೆ, ನಾನೂರು ಉಂಟು."

"ಹಾಡು ಯಾರು ಕೇಳ್ಯಾರ್ರಿ? ಫೋಟೋ ಎಲ್ಲಿ ಅದಾವ?"

"ನೀವೇ ತೆಗೆಯಿರಿ ಅಂದದ್ದಲ್ವಾ?"

"ತೆಗೀರಿ ಅಂದ್ರ ತೋರಸ್ರಿ ಅಂತ! ಬಾಗಿಲಾ ತೆಗಿ ಅಂದ್ರ ಕಿತ್ತು ಒಗೀತಾರೇನ್ರಿ?"

ಭೋಜನನ್ನು ಬೈದು ಫಲವಿಲ್ಲ, ಬೈಯದೆ ಇರಲೂ ಆಗುವುದಿಲ್ಲ. ಉತ್ತರ ಕರ್ನಾಟಕದ ಕಡೆಯ ಕೂಲಿಯವರು ಪೆನ್‌ಡ್ರೈವ್ ಹಿಡಿದು ಬಂದರೆ ಹಾಡಿಗೇ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರ ಫೋಟೋ, ಯಾಕೆ ಎಂದು ಒಂದು ಮಾತು ಕೇಳಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು?

ಶರಣಮ್ಮ ಠಾಣೆಯ ಮಾತು, ಹನ್ನೆರಡು ದಿನದ ಮಾತು ಎಲ್ಲ ಹೇಳಿದಳು. ಅಳಬೇಕೆನಿಸಿತು. ಅಳಲಿಕ್ಕೂ ತ್ರಾಣ ಬೇಕಲ್ಲ, ಅದೂ ಇರಲಿಲ್ಲ.

ಭೋಜನ ಮುಖ ಕಪ್ಪಿಟ್ಟಿತು. "ಅಯ್ಯೋ ದೇವರೇ, ನಾನು ಎಂತ ಮಾಡಿದೆ! ಕುಳಿತುಕೊಳ್ಳಿ ಅಕ್ಕ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಉಂಟು. ಆದರೆ ಅದರ ಮೇಲೆ ಹಾಡು ಬಿದ್ದಿದೆ, ಎಷ್ಟು ಬರುತ್ತದೋ ಗೊತ್ತಿಲ್ಲ."

ಝೆರಾಕ್ಸಿಗೆ ಬಂದವರನ್ನೆಲ್ಲ ಅವನು ನಾಳೆ ಬನ್ನಿ ಎಂದು ಕಳಿಸಿದ. ಒಂದು ಗಂಟೆ ಹೋಯಿತು. ಮೊದಲ ಮೂರು ಫೋಟೋಗಳ ಸುಳಿವೇ ಇಲ್ಲ. ನಾಲ್ಕನೆಯದು ಮೇಲಿನಿಂದ ಮೆಲ್ಲಗೆ ತೆರೆದುಕೊಂಡಿತು: ಆಕಾಶ, ಕಂಬದ ಕಬ್ಬಿಣದ ಸರಳು, ಆಮೇಲೆ ಯಮನೂರನ ಕೆದರಿದ ಕೂದಲು, ವಿಭೂತಿಯ ಹಣೆ, ಬಿಸಿಲಿಗೆ ಕಿರಿದು ಮಾಡಿದ ಕಣ್ಣು. ಅಷ್ಟಕ್ಕೇ ನಿಂತಿತು. ಕಣ್ಣಿನ ಕೆಳಗೆ ಮೂಗಿಲ್ಲ, ಬಾಯಿಲ್ಲ, ಬರೀ ಬೂದುಬಣ್ಣ. ಪಕ್ಕದಲ್ಲಿ ಗಿಡ್ಡಗಿದ್ದ ಶರಣಮ್ಮನ ಬೈತಲೆ ಮಾತ್ರ ಕಾಣುತ್ತಿತ್ತು.

ಅವಳು ಎದ್ದು ಬಂದು ಪರದೆಯ ಹತ್ತಿರ ನಿಂತಳು. ತುಂಬ ಹೊತ್ತು ನೋಡಿದಳು.

"ಇಷ್ಟೇ ಬಂದದ್ದು ಅಕ್ಕ," ಎಂದ ಭೋಜ, ತಲೆ ಎತ್ತದೆ. "ಸಾಕಾ?"

"ನನಗ ಸಾಕ್ರಿ ಅಣ್ಣಾರ," ಎಂದಳು ಶರಣಮ್ಮ. "ಹುಡುಕೋರಿಗೆ ಸಾಲಂಗಿಲ್ಲ."